ಉಪ್ಪಲ್‌ನಲ್ಲಿ ಕೂತು ಕಡಲು ಕಾಯುವ ಗುರುದೇವಿ

ಹೈದರಾಬಾದಿನ ಉಪ್ಪಲ್ ಡಿಪೊದಿಂದ ಮೊದಲ ಮೆಟ್ರೊ ಇನ್ನೂ ಹೊರಟಿಲ್ಲ. ರಸ್ತೆ ಬದಿಯ ಬಂಡಿಯವನು ಇಡ್ಲಿ ಪಾತ್ರೆಗೆ ನೀರು ಹೊಯ್ದು ಸ್ಟೌ ಹಚ್ಚುತ್ತಿದ್ದಾನೆ. ಎದುರಿನ ಗಾಜಿನ ಕಟ್ಟಡದ ಮೂರನೇ ಮಹಡಿಯಲ್ಲಿ, ಕಿಟಕಿಯೇ ಇಲ್ಲದ ಕೋಣೆಯೊಂದರಲ್ಲಿ, ಗುರುದೇವಿ ಸ್ವೆಟರಿನ ತೋಳನ್ನು ಬೆರಳ ತುದಿಯವರೆಗೂ ಎಳೆದುಕೊಂಡು ಅರಬ್ಬಿ ಸಮುದ್ರವನ್ನು ನೋಡುತ್ತ ಕೂತಿದ್ದಾರೆ.

ಆ ಸಮುದ್ರ ನೀಲಿಯಾಗಿಲ್ಲ. ಪರದೆಯ ತುಂಬ ಬೂದಿ ಚೆಲ್ಲಿದ ಹಾಗಿದೆ. ಉಪಗ್ರಹದ ರೇಡಾರಿಗೆ ಬಣ್ಣ ತಿಳಿಯುವುದಿಲ್ಲ. ನೀರಿನ ಮೈ ಒರಟೋ ನುಣುಪೋ ಎಂಬುದಷ್ಟೇ ತಿಳಿಯುತ್ತದೆ. ಗಾಳಿಗೆ ಸಣ್ಣ ಅಲೆಗಳೆದ್ದ ಕಡೆ ಬೆಳ್ಳಗೆ, ನೀರು ಸುಮ್ಮನೆ ಮಲಗಿದ ಕಡೆ ಕಪ್ಪಗೆ. ಹಡಗಿನವರು ಯಾರೂ ನೋಡುತ್ತಿಲ್ಲವೆಂದು ಕೊಳೆ ಎಣ್ಣೆಯನ್ನು ಕಡಲಿಗೆ ಬಿಟ್ಟರೆ ಆ ಜಾಗದ ಅಲೆಗಳು ಅಡಗಿ ಕಪ್ಪು ಪಟ್ಟಿಯೊಂದು ಮೂಡುತ್ತದೆ. ಆ ಪಟ್ಟಿಯನ್ನು ಹುಡುಕಿ, ಅದರ ಅಂಚಿಗೆ ಗೆರೆ ಎಳೆದು, ಎಷ್ಟು ಖಾತ್ರಿ ಎಂದು ಬರೆದು ಕಳಿಸುವುದು ಗುರುದೇವಿಯವರ ಕೆಲಸ.

“ಭಾಂಡೆ ತೊಳಿಯೂ ಬಕೀಟಿನ ನೀರಿಗೆ ಬಾಯಿಲೆ ಊದಿ ನೋಡ್ರಿ, ಸಣ್ಣ ತೆರಿ ಏಳ್ತಾವ. ಒಂದ್ ಹನಿ ಎಣ್ಣಿ ಬಿಟ್ಟು ಮತ್ತ ಊದ್ರಿ. ಎಣ್ಣಿ ಹರಡಿದ ಕಡೆ ತೆರಿ ಏಳಂಗಿಲ್ಲ. ಇಷ್ಟ ನೋಡ್ರಿ ನಮ್ಮ ವಿದ್ಯಾ” ಎನ್ನುತ್ತಾರೆ, ಪರದೆಯಿಂದ ಕಣ್ಣು ತೆಗೆಯದೆ.

ಹೇಳಿದಷ್ಟು ಸುಲಭವಲ್ಲ ಅದು. ಗಾಳಿ ಬೀಳದ ಕಡೆಯೂ ಕಡಲು ಕಪ್ಪಗೆ ಕಾಣುತ್ತದೆ. ಜೋರು ಮಳೆ ಬಿದ್ದ ಕಡೆ, ಪಾಚಿ ಹಬ್ಬಿದ ಕಡೆ, ಗುಡ್ಡದ ಮರೆಯಲ್ಲಿ ನೀರು ತಣ್ಣಗೆ ನಿಂತ ಕಡೆ, ಎಲ್ಲವೂ ಕಪ್ಪೇ. ಒಂದು ಬೆಳಗ್ಗೆ ನೂರಾರು ಕಪ್ಪು ಕಲೆಗಳು ಕಣ್ಣ ಮುಂದೆ ಹಾಯುತ್ತವೆ. ಅವುಗಳಲ್ಲಿ ಒಂದೋ ಎರಡೋ ನಿಜವಾದ ಎಣ್ಣೆ. ಕೆಲವು ದಿನ ಅದೂ ಇಲ್ಲ. ಕಂಪ್ಯೂಟರು ತಾನೇ ಕೆಲವನ್ನು ಗುರುತಿಸಿ ಮುಂದಿಡುತ್ತದೆ, ಆದರೆ ಹೌದು ಅಲ್ಲ ಎನ್ನುವುದು ಕುರ್ಚಿಯಲ್ಲಿ ಕೂತವರ ಕಣ್ಣು.

ಇಂಥವರನ್ನು ಎಲೆಮರೆಯ ಕಾಯಿ ಎನ್ನುವುದು ರೂಢಿ. ಹಾಗೆಂದು ಬರೆಯುತ್ತೇವೆ ಎಂದಾಗ ಗುರುದೇವಿ ಮೌಸಿನ ಮೇಲಿನ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಕುತ್ತಿಗೆಯವರೆಗೆ ಕೆಂಪೇರುತ್ತದೆ. “ಅದ್ ಬರೀಬ್ಯಾಡ್ರಿ. ಎಲಿ ಮರೀಗ್ ನಿಂತೀನಿ ಖರೆ, ಆದ್ರ ದೊಡ್ಡ ಗುಣದಿಂದ ಅಲ್ಲ. ನಾಚಿಕಿಲೆ ನಿಂತೀನಿ. ಬರೀತೀರಂದ್ರ ಅದನ್ನೂ ಬರೀರಿ. ಇಲ್ಲಾಂದ್ರ ಬ್ಯಾಡ.”

ಹಾಗಾಗಿ ಅದನ್ನೂ ಬರೆಯಬೇಕು.

ಗುರುದೇವಿಯ ತಂದೆ ಕಾಶಿನಾಥ ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯವರು, ನೆಲಕ್ಕೆ ಕಲ್ಲು ಹಾಸುವ ಕೆಲಸದವರು. ತಾಯಿ ಶಂಕ್ರಮ್ಮ ಕೃಷ್ಣೆಯ ದಂಡೆಯಲ್ಲಿ ಹರಿಗೋಲು ಹಾಕುತ್ತಿದ್ದ ಅಂಬಿಗರ ಮನೆಯ ಮಗಳು. ಹೈದರಾಬಾದಿನಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲದಲ್ಲಿ ಇಬ್ಬರೂ ಮಗಳನ್ನು ಕಟ್ಟಿಕೊಂಡು ಬಂದು ಸನತ್‌ನಗರದ ಶೆಡ್ಡಿನಲ್ಲಿ ಬಿಡಾರ ಹೂಡಿದರು. ಆಮೇಲೆ ಕುಷಾಯಿಗೂಡದಲ್ಲಿ ಎರಡು ಕೋಣೆಯ ಮನೆ. ಮನೆಯೊಳಗೆ ಕನ್ನಡ, ಓಣಿಯಲ್ಲಿ ತೆಲುಗು, ಕಾಂಟ್ರಾಕ್ಟರನ ಮುಂದೆ ಹಿಂದಿ. ಗುರುದೇವಿ ತೆಲುಗು ಶಾಲೆಯಲ್ಲಿ ಓದಿ, ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿ, ನಕ್ಷೆ ಬರೆಯುವ ಕಂಪ್ಯೂಟರ್ ಕೋರ್ಸು ಮಾಡಿದರು. ಅಂಥವರನ್ನು ಆಗ ಹೈದರಾಬಾದಿನ ಕಂಪನಿಗಳು ಸಾಲುಸಾಲಾಗಿ ಕೂರಿಸುತ್ತಿದ್ದವು. ವಿಮಾನದಿಂದ ತೆಗೆದ ಚಿತ್ರದ ಮೇಲೆ ಅಮೆರಿಕದ ಯಾವುದೋ ಊರಿನ ರಸ್ತೆ, ಚರಂಡಿ, ಮನೆಗಳ ಸೂರಿಗೆ ಗೆರೆ ಎಳೆಯುವ ಕೆಲಸ.

“ಓಹಾಯೊ ಅನ್ನೂ ಕಡೆ ಗಟಾರೆಲ್ಲ ನನಗ ಬಾಯಿಪಾಠ ಇದ್ವು. ನಮ್ಮ ಕುಷಾಯಿಗೂಡದಾಗ ಮ್ಯಾನ್‌ಹೋಲ್ ಎಲ್ಲೈತಿ ಅಂತ ಗೊತ್ತಿದ್ದಿಲ್ಲ” ಎಂದು ನಗುತ್ತಾರೆ. ಅವರು ನಗುವುದು ಕಡಿಮೆ.

ಉಪ್ಪಲ್ ರಸ್ತೆಯ ನಡುವೆ ಮೆಟ್ರೊ ಕಂಬಗಳು ಏಳುತ್ತಿದ್ದ ವರ್ಷ ಈಗಿನ ಕಂಪನಿ ಸಮುದ್ರದ ಕೆಲಸ ಶುರು ಮಾಡಿತು. ಗೆರೆ ಎಳೆಯುವಾಗ ಕೈ ನಡುಗದವರು ಬೇಕಿತ್ತು. ಗುರುದೇವಿ ಆಯ್ಕೆಯಾದರು. ಅಲ್ಲಿಯವರೆಗೆ ಅವರು ಕಡಲನ್ನೇ ಕಂಡವರಲ್ಲ. ನಸುಕಿನ ಪಾಳಿ, ಚಳಿ ಹಿಡಿಸುವ ಎಸಿ, ಮಧ್ಯಾಹ್ನದ ಹೊತ್ತಿಗೆ ಕಣ್ಣು ಉರಿ, ವರ್ಷವರ್ಷ ಮುಂದುವರಿಸಿದರೆ ಉಂಟು ಇಲ್ಲದಿದ್ದರೆ ಇಲ್ಲ ಎನ್ನುವಂಥ ನೌಕರಿ. ಮಗಳು ಏನು ಮಾಡುತ್ತಾಳೆಂದು ಓಣಿಯವರು ಕೇಳಿದರೆ ಶಂಕ್ರಮ್ಮ “ದರ್ಯಾ ಕಾಯ್ತಾಳ”, ಕಡಲು ಕಾಯುತ್ತಾಳೆ, ಎಂದು ಹೇಳುತ್ತಿದ್ದರು. ಯಾರೂ ನಂಬುತ್ತಿರಲಿಲ್ಲ.

ಎರಡನೇ ವರ್ಷ, ದೀಪಾವಳಿ ಮುಗಿದ ವಾರ. ಉತ್ತರ ಕನ್ನಡದ ಒಂದು ಕಡಲತೀರಕ್ಕೆ ಡಾಂಬರಿನಂಥ ಜಿಡ್ಡುಂಡೆಗಳು ತೇಲಿ ಬಂದಿದ್ದವು. ಪ್ರವಾಸಿಗರ ಕಾಲಿಗೆ ಮೆತ್ತಿ ದೂರು ಹೋಗಿತ್ತು. ಯಾವ ಹಡಗಿನ ಪಾಪ ಇದು ಎಂದು ಅಧಿಕಾರಿಗಳ ಮೇಲೆ ಒತ್ತಡ ಬಿದ್ದಿತ್ತು. ಉಪ್ಪಲ್‌ನ ಕಂಪನಿಗೂ ಆ ನೀರನ್ನು ಚೆನ್ನಾಗಿ ನೋಡಿ ಎಂಬ ಮಾತು ಬಂದಿತ್ತು.

ಆ ವಾರದ ಒಂದು ಬೆಳಗಿನ ಚಿತ್ರದಲ್ಲಿ ಗುರುದೇವಿಗೆ ಕಪ್ಪು ಗೆರೆಯೊಂದು ಕಂಡಿತು. ಅಲ್ಲಲ್ಲಿ ಹರಡಿದ ಕಲೆಯಲ್ಲ, ಕುಡುಗೋಲಿನಿಂದ ಗೀರಿದಂಥ ನೀಟಾದ ಗೆರೆ. ಅದರ ತುದಿಯಲ್ಲಿ ಒಂದು ಬಿಳಿ ಚುಕ್ಕೆ. ಬಿಳಿ ಚುಕ್ಕೆ ಎಂದರೆ ಕಬ್ಬಿಣದ ಮೈಯಿನ ಯಾವುದೋ ನಾವೆ. ಅದು ಹೋಗುತ್ತ ಹೋಗುತ್ತ ಹಿಂದೆ ಎಣ್ಣೆ ಬಿಡುತ್ತಿದೆ. ಪಾಠದಲ್ಲಿ ತೋರಿಸುವ ಚಿತ್ರವೇ ಎದುರು ಬಂದು ಕೂತಂತೆ ಇತ್ತು.

“ಕಂಡಕೂಡ್ಲೆ ಮೈಯೆಲ್ಲ ಜುಮ್ ಅಂತ್ರಿ. ಸಿಕ್ಕ ಮಗ ಅನ್ಕೊಂಡೆ. ಬಾಯಿ ಬಿಟ್ಟೇ ಅಂದೆ. ಬಾಜೂದವ್ರು ಎದ್ದು ಬಂದು ನೋಡಿದ್ರು.” ಖಾತ್ರಿಯಲ್ಲಿ ಮೂರು ದರ್ಜೆಗಳಿವೆ. ಗುರುದೇವಿ ಎಲ್ಲಕ್ಕಿಂತ ಮೇಲಿನದನ್ನು ಒತ್ತಿ ಕಳಿಸಿದರು.

ಮಾರನೆಯ ದಿನ ಬಂದರಿನಿಂದ ಉತ್ತರ ಬಂತು. ನೀವು ತೋರಿಸಿದ ಜಾಗದಲ್ಲಿದ್ದ ನಾವೆ ಸಿಕ್ಕಿದೆ, ಹಿಡಿದಿದ್ದೇವೆ, ಧನ್ಯವಾದ. ಕಂಪನಿ ಹಾಕಿದ ಗುರುತಿನಿಂದ ಯಾರನ್ನಾದರೂ ಹಿಡಿದದ್ದು ಅದೇ ಮೊದಲು. ಆಫೀಸಿನಲ್ಲಿ ಕೇಕು ತರಿಸಿದರು. ತಂಡದ ಮುಖ್ಯಸ್ಥ ಮೋಹನ, ಮೈಸೂರಿನವರು, ಹೆಚ್ಚು ಮಾತಾಡದ ಮನುಷ್ಯ, ಅವತ್ತು ಎಲ್ಲರೆದುರು ನಿಂತು ಗುರುದೇವಿಯ ಹೆಸರು ಹೇಳಿದರು. ಕೇಕು ಕೊಯ್ಯುತ್ತಿರುವ ಅವರ ಫೋಟೊ ನೋಟಿಸ್ ಬೋರ್ಡಿಗೆ ಹತ್ತಿತು. ಕಾಶಿನಾಥ ಅದರ ಪ್ರತಿಯನ್ನು ತಮ್ಮ ಕಲ್ಲಿನ ಕೆಲಸದ ಜೊತೆಗಾರರಿಗೆಲ್ಲ ತೋರಿಸಿದರು.

ವಾರ ಕಳೆದು ಬಂದರಿನವರು ಕನ್ನಡ ಪತ್ರಿಕೆಯೊಂದರ ತುಣುಕನ್ನು ಆಫೀಸಿಗೆ ಕಳಿಸಿದರು. ತಂಡದಲ್ಲಿ ಕನ್ನಡ ಓದಬಲ್ಲವರು ಇಬ್ಬರೇ, ಮೋಹನ ಮತ್ತು ಗುರುದೇವಿ. ‘ಕಡಲಿಗೆ ಎಣ್ಣೆ ಸುರಿದ ಬೋಟಿನ ತಾಂಡೇಲ ವಶಕ್ಕೆ’ ಎಂದು ದೊಡ್ಡದಾಗಿ ಬರೆದಿತ್ತು. ಕೆಳಗೆ ಫೋಟೊ. ಒದ್ದೆ ಲುಂಗಿ, ಗುಂಡಿ ಹರಿದ ಅಂಗಿ, ಎರಡೂ ಕಡೆ ಪೊಲೀಸರು. ನಡುವಿನಲ್ಲಿದ್ದಾತ ಕ್ಯಾಮೆರಾದತ್ತ ನೋಡುತ್ತಿರಲಿಲ್ಲ, ತನ್ನ ತೋಳು ಹಿಡಿದ ಕೈಯನ್ನು ನೋಡುತ್ತಿದ್ದ. ತಾಂಡೇಲನೆಂದರೆ ಬೋಟು ನಡೆಸುವವನು. ಎಲ್ಲಿ ಬಲೆ ಬಿಡಬೇಕು, ಯಾವಾಗ ತಿರುಗಬೇಕು ಎಂಬುದು ಅವನ ಮಾತು. ಹೆಸರು ಚಂದ್ರಕಾಂತ ಖಾರ್ವಿ.

“ನಾ ಹಡಗ ಅಂತ ತಿಳ್ಕೊಂಡಿದ್ದೆ. ದೊಡ್ಡ ಕಂಪನೀದು, ಬ್ಯಾರೆ ದೇಶದ್ದು. ಮೀನ್ ಹಿಡಿಯೂ ಮಂದಿ ಅಂತ ನನ್ನ ತಲಿಗೇ ಬಂದಿದ್ದಿಲ್ಲ.”

ಆ ಹೊತ್ತಿಗೆ ಅವರಿಗೆ ತಾನು ಮಾಡದೆ ಬಿಟ್ಟ ಕೆಲಸವೊಂದು ನೆನಪಾಯಿತು. ಕಪ್ಪು ಪಟ್ಟಿಯೊಂದು ಕಂಡರೆ ಅದೇ ನೀರಿನ ಮುಂದಿನ ಚಿತ್ರ ಬಂದಾಗ ಮತ್ತೆ ನೋಡಬೇಕು. ಹಡಗಿನ ಕೊಳೆ ಎಣ್ಣೆಯಾದರೆ ಸಂಜೆಗೆ ಹರಡಿ, ಮುರಿದು, ತೇಲಿ ಹೋಗಿರುತ್ತದೆ. ಆದರೆ ಇದ್ದೇ ಇರುತ್ತದೆ. ಆ ದಿನ ಸಂಜೆ ಇನ್ನೊಂದು ಉಪಗ್ರಹದ ಚಿತ್ರ ಬಂದಿತ್ತು. ಗುರುದೇವಿ ತೆರೆದಿರಲಿಲ್ಲ. ಹಾಗೆ ಸಿಕ್ಕಿಬಿದ್ದದ್ದನ್ನು ಮತ್ತೆ ನೋಡುವುದೇನಿದೆ ಎಂದುಕೊಂಡಿದ್ದರು.

ಈಗ ತೆರೆದರು. ಬೂದು ಸಮುದ್ರ ಅಂಚಿನಿಂದ ಅಂಚಿಗೆ ಒಂದೇ ಸಮ ಇತ್ತು. ಕಪ್ಪಿನ ಒಂದು ಚೂರೂ ಇರಲಿಲ್ಲ. ಅಂದು ಬೀಸಿದ ಗಾಳಿ ಎಷ್ಟು ಎಂದು ತೆಗೆದು ನೋಡಿದರು. ಮೆಲುಗಾಳಿ, ಎಣ್ಣೆಯನ್ನು ಒಂದೇ ಹಗಲಿನಲ್ಲಿ ಕುಡಿದು ಹಾಕುವಂಥದ್ದಲ್ಲ. ಹೀಗೆ ಬಂದು ಹೀಗೆ ಮಾಯವಾಗುವ ಪೊರೆ ಒಂದಿದೆ, ಪಾಠದಲ್ಲಿ ಅರ್ಧ ಪುಟ ಅದಕ್ಕಿತ್ತು. ಮೀನಿನ ಎಣ್ಣೆ.

ಗುರುದೇವಿ ಮೋಹನರ ಟೇಬಲ್ಲಿಗೆ ಹೋಗಿ ಎರಡೂ ಚಿತ್ರ ತೋರಿಸಿದರು. ಮೋಹನ ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು, “ನೋಡಿ ಗುರುದೇವಿ, ನಾವು ಕೊಡೋದು ಬರೀ ಗುರುತು. ಹೋಗಿ ಪರೀಕ್ಷೆ ಮಾಡಿ ಹಿಡಿಯೋದು ಅವರ ಕೆಲಸ. ಅವರು ಹಿಡಿದಿದ್ದಾರೆ ಅಂದ್ರೆ ಏನೋ ಕಂಡಿರಬೇಕು.”

“ಅವ್ರು ಕಂಡದ್ದು ನನ್ನ ಗೆರಿ ಅಷ್ಟ ಸರ್. ಬಟ್ಟು ಮಾಡಿ ತೋರ್ಸಿದಾಕಿ ನಾ.”

“ತಪ್ಪಾಯ್ತು ಅಂತ ಬರೆದ್ರೆ ಇನ್ಮೇಲೆ ನಮ್ಮ ಒಂದು ಗುರುತನ್ನೂ ನಂಬಲ್ಲ. ನಿಜವಾಗಿ ಸುರಿಯೋರು ಆರಾಮಾಗಿ ಸುರೀತಾರೆ. ಅದನ್ನೂ ಯೋಚನೆ ಮಾಡಿ.”

ಮೋಹನ ಕೆಟ್ಟವರಲ್ಲ ಎಂದು ಗುರುದೇವಿ ಇವತ್ತಿಗೂ ಹೇಳುತ್ತಾರೆ. ಆ ಮಾತಿನಲ್ಲಿ ನಿಜವಿತ್ತು. ಅದಕ್ಕೇ ಆಕೆ ಸುಮ್ಮನೆ ತನ್ನ ಕುರ್ಚಿಗೆ ವಾಪಸು ಬಂದು ಕೂತರು. ಒಂದು ದಿನ, ಎರಡು ದಿನ, ಹಾಗೇ ಕೆಲವು ದಿನ ಕೂತರು. ಚಿತ್ರಗಳು ಬರುತ್ತಿದ್ದವು, ಗೆರೆ ಎಳೆಯುತ್ತಿದ್ದರು. ಚಂದ್ರಕಾಂತನ ಬೋಟು ಅತ್ತ ಬಂದರಿನ ಧಕ್ಕೆಗೆ ಕಟ್ಟಿಹಾಕಿಕೊಂಡು ನಿಂತಿತ್ತು. ಆ ದಿನಗಳ ಲೆಕ್ಕ ಕೇಳಿದರೆ ಗುರುದೇವಿ ಮುಖ ತಿರುಗಿಸುತ್ತಾರೆ. “ಎಣಿಸಿಲ್ರಿ. ಒಂದ ದಿನ ಸುಮ್ ಕುಂತಿದ್ರೂ ಸುಮ್ ಕುಂತಂಗ.”

ಕೊನೆಗೆ ಬಾಯಿ ಬಿಟ್ಟದ್ದು ಅಪ್ಪನ ಮುಂದೆ. ಕಾಶಿನಾಥ ಊಟಕ್ಕೆ ಕೂತಿದ್ದರು. ಮಗಳು ಹೇಳುವುದನ್ನು ಕೇಳುತ್ತ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ರೇಡಾರು, ಗಾಳಿ, ಎಣ್ಣೆ ಅವರಿಗೆ ತಿಳಿಯಲಿಲ್ಲ. ಯಾರದೋ ಕೈಗೆ ಬೇಡಿ ಬಿದ್ದಿದೆ ಎಂಬುದು ತಿಳಿಯಿತು. “ಕಲ್ಲು ಸೊಟ್ಟ ಕುಂತಿದ್ರ ಎಬ್ಬಿಸಿ ಮತ್ತ ಹಾಕ್ಬೇಕವ್ವಾ. ಮ್ಯಾಲ ಸಿಮಿಟ್ ಬಳದ್ರ ಒಳಗ ನೀರು ನಿಂದರ್ತೈತಿ” ಎಂದರು. ಮರುದಿನ ತಾವು ಎಲ್ಲರಿಗೂ ತೋರಿಸಿದ್ದ ಫೋಟೊವನ್ನು ಗೋಡೆಯಿಂದ ತೆಗೆದು ಟ್ರಂಕಿನೊಳಗೆ ಇಟ್ಟರು. ಮಗಳಿಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಗುರುದೇವಿ.

ಅವತ್ತೇ ಆಫೀಸಿಗೆ ಹೋಗಿ ತಿದ್ದುಪಡಿ ಬರೆದರು. ಕಂಪನಿಯ ಹೆಸರಿನಲ್ಲಿ ಕಳಿಸಲು ಮೇಲಿನವರು ಒಪ್ಪದಿದ್ದರೆ ತನ್ನ ಹೆಸರಿನಲ್ಲೇ ಕಳಿಸುತ್ತೇನೆ, ಆಮೇಲೆ ನೌಕರಿಯಿಂದ ತೆಗೆಯಿರಿ ಎಂದು ಮೋಹನರಿಗೆ ಹೇಳಿದರು. ಮೋಹನ ಆಕೆಯ ಇಂಗ್ಲಿಷನ್ನು ಸರಿ ಮಾಡಿದರು, ಸಂಜೆಯ ಚಿತ್ರವನ್ನು ಜೊತೆಗೆ ಸೇರಿಸಿದರು, ಕೆಳಗೆ ಆಕೆಯ ಹೆಸರಿನ ಪಕ್ಕ ತಮ್ಮ ಹೆಸರನ್ನೂ ಬರೆದು ಕಳಿಸಿದರು. ಬಂದರಿನವರು ಬೋಟಿನಿಂದ ತೆಗೆದಿದ್ದ ಎಣ್ಣೆಯ ಮಾದರಿಯನ್ನು ಅದುವರೆಗೆ ಪರೀಕ್ಷೆಗೇ ಕಳಿಸಿರಲಿಲ್ಲ. ಈಗ ಕಳಿಸಿದರು. ತೀರದ ಜಿಡ್ಡುಂಡೆಗೂ ಅದಕ್ಕೂ ಯಾವ ಸಂಬಂಧವೂ ಕಾಣಲಿಲ್ಲ. ಬೋಟನ್ನೂ ಚಂದ್ರಕಾಂತನನ್ನೂ ಬಿಟ್ಟರು. ಆದರೆ ಕೊಬ್ಬಿದ ಮೀನು ದಡಕ್ಕೆ ಹತ್ತಿರ ಬರುವ ಆ ವಾರಗಳು ಮುಗಿದುಹೋಗಿದ್ದವು. ಬೋಟಿನ ಮಾಲೀಕರು ಬೇರೆ ತಾಂಡೇಲನನ್ನು ಗೊತ್ತು ಮಾಡಿಕೊಂಡಿದ್ದರು. ಹಿಡಿದದ್ದನ್ನು ಬರೆದ ಪತ್ರಿಕೆ ಬಿಟ್ಟದ್ದನ್ನು ಬರೆಯಲಿಲ್ಲ. ಗುರುದೇವಿಯನ್ನು ಕಂಪನಿ ಮತ್ತೆ ಅಮೆರಿಕದ ಚರಂಡಿಗಳ ಕಡೆಗೆ ಕಳಿಸಿತು.

ಬೇಸಿಗೆಯಲ್ಲಿ ರಜೆ ಹಾಕಿ ಗುರುದೇವಿ ಕರಾವಳಿಗೆ ಹೊರಟರು. ಒಬ್ಬಳನ್ನೇ ಕಳಿಸಲು ಶಂಕ್ರಮ್ಮ ಒಪ್ಪಲಿಲ್ಲ, ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಜೊತೆಗೆ ಬಂದರು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಘಟ್ಟ ಇಳಿದರು. ಕಡಲು ಮೊದಲ ಸಲ ಕಂಡಾಗ ಶಂಕ್ರಮ್ಮ ಬಸ್ಸಿನ ಕಿಟಕಿಯಲ್ಲೇ ಕೈಮುಗಿದರು. ಗುರುದೇವಿ ನೋಡಲಿಲ್ಲ. “ಯಾವ ಮುಖ ಇಟ್ಕೊಂಡ್ ನೋಡ್ಲಿ ಅನಿಸ್ತು. ತಲಿ ಬಗ್ಗಿಸಿ ಕುಂತೆ.”

ಚಂದ್ರಕಾಂತನ ಮನೆ ಧಕ್ಕೆಯ ಹಿಂದಿನ ಓಣಿಯಲ್ಲಿ. ಅಂಗಳದಲ್ಲಿ ಕೂತು ಬೇರೆಯವರ ಬಲೆ ಹೆಣೆಯುತ್ತಿದ್ದ. ಹೆಂಡತಿ ವನಜಾ ಬಾಗಿಲಲ್ಲಿ ನಿಂತಿದ್ದಳು. ಹೈದರಾಬಾದಿನಿಂದ ಯಾರೋ ತಾಯಿ ಮಗಳು ಬಂದಿದ್ದಾರೆಂದು ಗೊತ್ತಾಗಿ ನೆರೆಯವರೂ ಇಣುಕಿದರು. ಗುರುದೇವಿ ನಿಂತೇ ಹೇಳಿದರು. ನಾನೇ ಗುರುತು ಹಾಕಿದ್ದು, ಸಂಜೆಯ ಚಿತ್ರ ನೋಡಬೇಕಿತ್ತು, ನೋಡಲಿಲ್ಲ, ತಪ್ಪು ನನ್ನದು. ಹೇಳುವುದು ಅಷ್ಟೇ ಇತ್ತು. ಇಷ್ಟು ದೂರ ಬಂದು ಇಷ್ಟೇನಾ ಎಂದು ಅವರಿಗೇ ಅನ್ನಿಸಿತು.

ಚಂದ್ರಕಾಂತ ಸೂಜಿಯನ್ನು ಬಲೆಗೆ ಸಿಕ್ಕಿಸಿದ. “ಆ ಚಿತ್ರ ತಂದಿದ್ದೀರಾ?” ಎಂದು ಕೇಳಿದ.

ಗುರುದೇವಿ ಬ್ಯಾಗಿನಿಂದ ತೆಗೆದು ಕೊಟ್ಟರು. ಆತ ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿದ. ಬಿಳಿ ಚುಕ್ಕೆಯ ಮೇಲೆ ಬೆರಳಿಟ್ಟ. “ಇದು ನಾವಾ?”

“ಹೌದ್ರಿ ಅಣ್ಣಾರ.”

“ಇದ್ರಲ್ಲಿ ಮೂವತ್ತು ಜನ ಇದ್ವು, ಗೊತ್ತಾ” ಎಂದ. ಬೆರಳನ್ನು ಕಪ್ಪು ಗೆರೆಯ ಮೇಲೆ ಎಳೆಯುತ್ತ ಹೋದ. ಅವನ ಮುಖದಲ್ಲಿ ಏನೋ ಬದಲಾಯಿತು. “ತಾರ್ಲೆ ಮೀನು. ಎಣ್ಣೆ ತುಂಬಿ ಕೊಬ್ಬಿದ್ದು. ಬಲೆ ತುಂಬಿ ಮೇಲೆತ್ತುಕೆ ಆಗ್ಲಿಲ್ಲ. ಬಿಟ್ರೆ ಹೋಗ್ತದೆ, ಎತ್ತಿದ್ರೆ ಹರೀತದೆ. ಕಡೆಗೆ ನೀರಲ್ಲೇ ಎಳ್ಕಂಡು ಬಂದ್ವು. ಒಳಗೆ ಮೀನು ಒಂದಕ್ಕೊಂದು ಅರೆದು ಎಣ್ಣೆ ಬಿಡ್ತಾ ಇತ್ತು. ಹಿಂದೆ ತಿರುಗಿ ನೋಡಿದ್ರೆ ನೀರು ಕನ್ನಡಿ ಹಾಗೆ. ನಾವು ಹಾಡು ಹೇಳ್ಕೋತಾ ಬಂದಿದ್ವು. ಆ ವರ್ಷ ಅಷ್ಟು ಮೀನು ಬಂದದ್ದು ಅದೊಂದೇ ದಿನ.”

ತೆಂಕಣ ಕರಾವಳಿಯವರು ಬೂತಾಯಿ ಎಂದು ಕರೆಯುವ ಮೀನು ಅದು. ಬೋಟಿನವರಿಗೆ ಆ ವರ್ಷದ ದೊಡ್ಡ ಬಲೆ ಬಿದ್ದ ದಿನವನ್ನೇ ಗುರುದೇವಿ ಕಳ್ಳತನವೆಂದು ಗುರುತು ಹಾಕಿದ್ದರು.

ಆಕೆಗೆ ಅಳು ಬಂತು. ಚಂದ್ರಕಾಂತ ಹಾಳೆಯನ್ನು ಮಡಚಿ ವಾಪಸು ಕೊಟ್ಟ. “ನಾನು ನಿಮಗೆ ಬಯ್ಯೂದಿಲ್ಲ. ಬೈದ್ರೆ ನಿಮಗೆ ಹಗುರ ಆಗ್ತದೆ” ಎಂದು ಮತ್ತೆ ಸೂಜಿ ಕೈಗೆ ತೆಗೆದುಕೊಂಡ.

ಮಾತಾಡಿದ್ದು ವನಜಾ. “ನಮಗೆ ಹೇಳಿ ಎಂಥ ಮಾಡೂದು ತಂಗಿ? ನನ್ನ ಗಂಡ ಎಂಥದೂ ಮಾಡ್ಲಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು. ಗೊತ್ತಿಲ್ಲದವ್ರಿಗೆ ಹೇಳಿ.” ಪತ್ರಿಕೆಯಲ್ಲಿ ಫೋಟೊ ಬಂದ ದಿನದಿಂದ ಪೇಟೆಯಲ್ಲಿ ಅವಳ ಬುಟ್ಟಿಯ ಮೀನನ್ನು ಜನ ಮೂಸಿ ನೋಡಿ ಇಟ್ಟು ಹೋಗುತ್ತಿದ್ದರು. ಡೀಸೆಲ್ ವಾಸನೆ ಬರುತ್ತದೆ ಎನ್ನುತ್ತಿದ್ದರು. ಸಾಲಿನ ತಲೆಯಲ್ಲಿ ಕೂರುತ್ತಿದ್ದವಳನ್ನು ಉಳಿದ ಹೆಂಗಸರು ಸರಿಸುತ್ತ ಸರಿಸುತ್ತ ಮೋರಿಯ ಪಕ್ಕಕ್ಕೆ ತಂದಿದ್ದರು.

ಮರುದಿನ ಬೆಳಗ್ಗೆ ಗುರುದೇವಿ ವನಜಾಳ ಹಿಂದೆ ಮೀನುಪೇಟೆಗೆ ಹೋದರು. ಶಂಕ್ರಮ್ಮ ರಟ್ಟೆ ಹಿಡಿದು ನಡೆಸಿದರು. ಸಾಲಿನ ನಡುವೆ ನಿಂತು ಗುರುದೇವಿ ಬಾಯಿ ತೆರೆದರು. ಅಂಗಳದಲ್ಲಿ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದರು. ರಾಯಚೂರಿನ ಮಾತು ಅಲ್ಲಿಯವರಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಸಾಲಿನ ಮೊದಲಿಗೆ ಕೂತಿದ್ದ ಮುದುಕಿ, ಸಾವಿತ್ರಿಬಾಯಿ ಎಂದು ಹೆಸರು, ಕಿವಿಗೆ ಕೈ ಹಿಡಿದು, “ಎಂಥದಂತೆ ಅವಳದ್ದು?” ಎಂದು ಕೂಗಿದಳು. ವನಜಾ ಕೊಂಕಣಿಯಲ್ಲಿ ಒಂದೊಂದೇ ಮಾತನ್ನು ತಿರುಗಿಸಿ ಹೇಳಿದಳು. ತನ್ನ ತಪ್ಪು ಇನ್ನೊಂದು ಭಾಷೆಯಲ್ಲಿ ಪೇಟೆಯ ತುಂಬ ಹರಿದಾಡುವುದನ್ನು ಗುರುದೇವಿ ತಲೆ ತಗ್ಗಿಸಿ ಕೇಳಿದರು. ಯಾರೋ ನಕ್ಕರು. ಮೀನು ಕೊಯ್ಯುವ ಕತ್ತಿಗಳು ನಿಂತವು.

“ಆಕಾಶದಿಂದ ನೋಡಿದ್ರೂ ತಪ್ಪಾಗ್ತದಾ?” ಸಾವಿತ್ರಿಬಾಯಿ ಕೇಳಿದಳು.

“ಆಗ್ತೈತ್ರಿ ಯವ್ವಾ.”

ಮುದುಕಿ ಕೂತಲ್ಲಿಂದಲೇ ತನ್ನ ಬುಟ್ಟಿಯನ್ನು ಎಳೆದು ಪಕ್ಕಕ್ಕೆ ಇಟ್ಟಳು. ಪಕ್ಕದವಳು ತನ್ನದನ್ನು ಸರಿಸಿದಳು. ಅವಳ ಪಕ್ಕದವಳೂ ಸರಿಸಿದಳು. ಸಾಲಿನ ತಲೆಯಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು. ವನಜಾ ಮೋರಿಯ ಪಕ್ಕದಿಂದ ತನ್ನ ಬುಟ್ಟಿ ಎತ್ತಿಕೊಂಡು ಬಂದು ಅಲ್ಲಿ ಕೂತಳು. ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಮೀನಿನ ಮೇಲೆ ನೀರು ಚಿಮುಕಿಸಿದಳು.

ಆ ಮಧ್ಯಾಹ್ನ ವನಜಾಳ ಮನೆಯಲ್ಲೇ ಊಟ. ಹೊಳೆಯ ಮೀನು ತಿಂದು ಬೆಳೆದ ಶಂಕ್ರಮ್ಮ ಕಡಲಿನ ಮೀನಿನ ಮುಳ್ಳು ಬಿಡಿಸಲು ಒದ್ದಾಡಿದರು, ಚಂದ್ರಕಾಂತನೇ ಬಿಡಿಸಿ ಕೊಟ್ಟ. ಕ್ಷಮಿಸಿದೆ ಎಂದು ಯಾರೂ ಹೇಳಲಿಲ್ಲ, ಗುರುದೇವಿಯೂ ಕೇಳಲಿಲ್ಲ.

ಅವರನ್ನು ಕಡಲಿನ ಕೆಲಸಕ್ಕೆ ಮತ್ತೆ ಕರೆಸಿಕೊಳ್ಳಲು ಮೋಹನರಿಗೆ ಹತ್ತಿರ ಹತ್ತಿರ ಒಂದು ವರ್ಷ ಬೇಕಾಯಿತು. ಈಗ ಆಫೀಸಿನಲ್ಲಿ ಮುಂದಿನ ಚಿತ್ರ ನೋಡದೆ ಮೇಲಿನ ದರ್ಜೆಯ ಖಾತ್ರಿ ಕೊಡುವಂತಿಲ್ಲ. ಅದು ಗುರುದೇವಿ ಹಟ ಹಿಡಿದು ತಂದ ನಿಯಮ. ದಡದ ಹತ್ತಿರ ಗೆರೆ ಕಂಡರೆ ಅವರು ಮೊದಲು ಚಂದ್ರಕಾಂತನಿಗೆ ಫೋನು ಮಾಡುತ್ತಾರೆ. ಆತ ಈಗ ತನ್ನ ಭಾವನ ಸಣ್ಣ ಬೋಟಿನ ತಾಂಡೇಲ. “ಅಲ್ಲಿ ತಾರ್ಲೆ ಬಂದದೆ, ಬರೀಬೇಡಿ” ಎನ್ನುತ್ತಾನೆ. ಇಲ್ಲವೇ “ಅಲ್ಲಿ ನಮ್ಮವ್ರು ಯಾರೂ ಇಲ್ಲ, ಅದು ಬೇರೆ ಎಂಥದೋ” ಎನ್ನುತ್ತಾನೆ. ಅವನ ಆ ಎರಡನೇ ಮಾತಿನ ಮೇಲೆ ಗುರುದೇವಿ ಹಾಕಿದ ಗುರುತೊಂದರಿಂದ ಕಳೆದ ಮಾಗಿಯಲ್ಲಿ ನಿಜವಾದ ಹಡಗೊಂದು ಸಿಕ್ಕಿಬಿತ್ತು. ಅವತ್ತೂ ಆಫೀಸಿನಲ್ಲಿ ಕೇಕು ತರಿಸಿದ್ದರು. ಗುರುದೇವಿ ಕೊಯ್ಯಲು ಒಪ್ಪಲಿಲ್ಲ.

ನಾಚಿಕೆ ಇನ್ನೂ ಹೋಗಿಲ್ಲವೇ ಎಂದು ಕೇಳಿದರೆ ಆಕೆ ಪರದೆಯ ಮೇಲಿನ ಚಿತ್ರವನ್ನು ಮುಂದೆ ಸರಿಸುತ್ತಾರೆ. “ಹೋಗಿಲ್ರಿ. ಹೋಗೂದೂ ಬ್ಯಾಡ. ಅದು ಇದ್ರ ಗುಂಡಿ ಒತ್ತೂಮುಂದ ಕೈ ಹಿಡಿತೈತಿ.”

ಪಾಳಿ ಮುಗಿಯುತ್ತ ಬಂದಿದೆ. ಪುರವಣಿಗೆ ಒಂದು ಫೋಟೊ ಬೇಕು, ಕುರ್ಚಿಯಲ್ಲಿ ಹೀಗೇ ಕೂತಿರಿ ಎಂದರೆ ಗುರುದೇವಿ ಎದ್ದುಬಿಡುತ್ತಾರೆ. ಸ್ವೆಟರಿನ ತೋಳನ್ನು ಮತ್ತೆ ಬೆರಳವರೆಗೆ ಎಳೆದುಕೊಳ್ಳುತ್ತಾರೆ.

“ನಂದ್ ಬ್ಯಾಡ್ರಿ. ಚಂದ್ರಕಾಂತಣ್ಣಾರದು ಹಾಕ್ರಿ. ಅವ್ರು ಏನೂ ಮಾಡಿದ್ದಿಲ್ಲ ಅಂತ ಕೆಳಗ ಬರೀರಿ. ಅವತ್ತಿನ ಪೇಪರಿನ್ಯಾಗ ಎಷ್ಟ್ ದೊಡ್ಡದು ಹಾಕಿದ್ರೋ ಅಷ್ಟ ದೊಡ್ಡದು ಇರ್ಬೇಕು. ಇದೊಂದ ಆಶಾ ನಂದು.” ಆಮೇಲೆ, ಕೇಳುವ ಮೊದಲೇ, ಅವಸರದಲ್ಲಿ ಸೇರಿಸುತ್ತಾರೆ: “ನಿನ್ನಿ ಫೋನ್ ಮಾಡಿ ಕೇಳೀನ್ರಿ. ಹೂಂ ಅಂದಾರ. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ನಿಂದರ್ತೀನಿ ಅಂದಾರ.”